ಚುನಾವಣೆಯಲ್ಲಿ ಸೋತ ಪಕ್ಷ ಜನರ ನಂಬಿಕೆಯನ್ನು ಮರಳಿ ಗಳಿಸುವುದು ಹೇಗೆ? ಮುಂಬೈ, ಪುಣೆ, ಗೋವಾ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಂಗಾದ ಸಂಘದ ಸಭೆಯಿರಲಿ, ಪುಣೆಯ ಕನ್ನಡ ಕೂಟವಿರಲಿ, ವಾಸ್ಕೋದಲ್ಲಿ ನಮ್ಮವರ ಅಂಗಡಿ ಮುಂಗಟ್ಟಿರಲಿ, ಚುನಾವಣೆ ಮುಗಿದ ಮೇಲೆ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕೇಳುವವರಲ್ಲಿ ಕೆಲವರು ಪಕ್ಷದ ಕಾರ್ಯಕರ್ತರು, ಬೂತ್‌ನಲ್ಲಿ ಕೂತು ಸೋಲನ್ನು ಕಣ್ಣಾರೆ ಕಂಡವರು. ಜಾಸ್ತಿ ಜನ ಬರೀ ಮತದಾರರು. ಇಬ್ಬರಿಗೂ ಉಪಯೋಗವಾಗಲಿ ಅಂತ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಇದು ಯಾವ ಪಕ್ಷದ ಪರವಾಗಿಯೂ ಬರೆದದ್ದಲ್ಲ. ಉದಾಹರಣೆಗಳು ಎಲ್ಲ ಪಕ್ಷಗಳಿಂದಲೂ ಬಂದಿವೆ, ಯಾಕೆಂದರೆ ಎಲ್ಲ ಪಕ್ಷಗಳೂ ಒಂದಲ್ಲ ಒಂದು ಸಲ ಸೋತಿವೆ.

ಪಕ್ಷ ಸೋತರೆ ಜನ ನಂಬಿಕೆ ಕಳೆದುಕೊಂಡರು ಅಂತಲೇ ತಿಳಿಯಬೇಕೇ?

ಹಾಗೇನಿಲ್ಲ. 2024ರ ಮಹಾರಾಷ್ಟ್ರವನ್ನೇ ನೋಡಿ. ಲೋಕಸಭೆಯ 48 ಸ್ಥಾನಗಳಲ್ಲಿ ಕಾಂಗ್ರೆಸ್, ಉದ್ಧವ್ ಠಾಕ್ರೆ, ಶರದ್ ಪವಾರ್ ಅವರ ಪಕ್ಷಗಳ ಕೂಟವಾದ ಮಹಾವಿಕಾಸ ಆಘಾಡಿ 30 ಗೆದ್ದಿತು. ಬಿಜೆಪಿ, ಏಕನಾಥ ಶಿಂದೆಯವರ ಶಿವಸೇನೆ ಮುಂತಾದವರ ಕೂಟವಾದ ಮಹಾಯುತಿಗೆ ಸಿಕ್ಕಿದ್ದು 17. ಸ್ಥಾನ ಎಣಿಸಿದರೆ ಭಾರೀ ಸೋಲು. ಆದರೆ ಎರಡು ಕೂಟಗಳಿಗೆ ಬಿದ್ದ ಮತಗಳ ಅಂತರ ಶೇಕಡಾ 1 ಕೂಡ ಇರಲಿಲ್ಲ. ಆರು ತಿಂಗಳೊಳಗೆ ವಿಧಾನಸಭೆ ಚುನಾವಣೆ ಬಂತು. 288ರಲ್ಲಿ ಮಹಾಯುತಿ 230 ದಾಟಿತು. ಉದ್ಧವ್ ಠಾಕ್ರೆಯವರ ಶಿವಸೇನೆ 20ಕ್ಕೆ, ಕಾಂಗ್ರೆಸ್ 16ಕ್ಕೆ, ಶರದ್ ಪವಾರ್ ಅವರ ಪಕ್ಷ 10ಕ್ಕೆ ಇಳಿದವು.

ಮೇ ತಿಂಗಳಲ್ಲಿ ಜನ ಮಹಾಯುತಿಯನ್ನು ಪೂರ್ತಿ ಕೈಬಿಟ್ಟಿರಲಿಲ್ಲ. ಹಾಗೆಯೇ ಆಘಾಡಿಯನ್ನು ಪೂರ್ತಿ ಒಪ್ಪಿಕೊಂಡಿರಲೂ ಇಲ್ಲ. ಗೆದ್ದವರು ಇದನ್ನು ಗಮನಿಸಲಿಲ್ಲ, ಸೋತವರು ಗಮನಿಸಿದರು. ಸೋತ ಪಕ್ಷ ಮೊದಲು ತನ್ನ ಸೋಲು ಯಾವ ಬಗೆಯದು ಅಂತ ನೋಡಿಕೊಳ್ಳಬೇಕು. ನೂರರಲ್ಲಿ ಇಬ್ಬರು ಮೂವರು ಮುನಿಸಿಕೊಂಡು ದೂರ ಹೋದದ್ದೋ, ಅಥವಾ ಜನ ನಿಮ್ಮ ಮಾತನ್ನೇ ಕೇಳಲು ಒಪ್ಪದ ಸ್ಥಿತಿಯೋ? ಎರಡಕ್ಕೂ ಮದ್ದು ಬೇರೆ ಬೇರೆ.

ಫಲಿತಾಂಶದ ಮರುದಿನ ಏನು ಮಾಡಬೇಕು?

ಮತ ಕೇಳಲು ಹೋಗಿದ್ದ ಮನೆಗಳಿಗೇ ಮತ್ತೆ ಹೋಗಬೇಕು. ಗೆದ್ದವರು ಗುಲಾಲು ಎರಚಿ ಪೇಡೆ ಹಂಚುತ್ತಾ ಬರುತ್ತಾರೆ, ಅದು ಸಹಜ. ಅದೇ ವಾರದಲ್ಲಿ ಸೋತ ಅಭ್ಯರ್ಥಿಯೂ ಚಾಳಿನ ಮೆಟ್ಟಿಲು ಹತ್ತಿ ಬಂದು, "ನೀವು ಹೇಳಿದ್ದ ನೀರಿನ ದೂರು ನನ್ನ ಹತ್ತಿರ ಇದೆ, ಅದನ್ನು ಬಿಟ್ಟಿಲ್ಲ" ಅಂದರೆ ಜನ ಅದನ್ನು ಬಹಳ ಕಾಲ ನೆನಪಿಟ್ಟುಕೊಳ್ಳುತ್ತಾರೆ. ಇದಕ್ಕೆ ದುಡ್ಡು ಬೇಕಿಲ್ಲ. ಮುಖ ತೋರಿಸುವ ಧೈರ್ಯ ಬೇಕು, ಅಷ್ಟೇ.

ಇನ್ನೊಂದು ಸಣ್ಣ ಕೆಲಸವಿದೆ, ಯಾರೂ ಮಾಡುವುದಿಲ್ಲ. ಫಲಿತಾಂಶ ಬಂದ 30 ದಿನದೊಳಗೆ ಅಭ್ಯರ್ಥಿ ತನ್ನ ಖರ್ಚಿನ ಲೆಕ್ಕವನ್ನು ಕೊಡಲೇಬೇಕು ಅನ್ನುತ್ತದೆ ಕಾನೂನು. 2024ರ ವಿಧಾನಸಭೆ ಚುನಾವಣೆಯಲ್ಲಿ ಮಹಾರಾಷ್ಟ್ರದ ಖರ್ಚಿನ ಮಿತಿ 40 ಲಕ್ಷ. 2022ರಲ್ಲಿ ಗೋವಾದ ಮಿತಿ 28 ಲಕ್ಷ. ಹೇಗೂ ಕೊಡುವ ಆ ಲೆಕ್ಕದ ಒಂದು ಪ್ರತಿಯನ್ನು ವಾರ್ಡಿನ ಕಚೇರಿ ಗೋಡೆಗೂ ಅಂಟಿಸಿ. ಸೋತವರು ಲೆಕ್ಕ ತೋರಿಸಿದರೆ ಗೆದ್ದವರನ್ನೂ ಜನ ಕೇಳುತ್ತಾರೆ.

ಮತಯಂತ್ರ, ಮತದಾರರ ಪಟ್ಟಿ ಸರಿ ಇರಲಿಲ್ಲ ಅಂತ ದೂರು ಹೇಳುವುದು ತಪ್ಪೇ?

ತಪ್ಪಲ್ಲ. ಅನುಮಾನ ಇದ್ದರೆ ಕೇಳುವ ಹಕ್ಕಿದೆ, ಅದಕ್ಕೆ ದಾರಿಯೂ ಇದೆ. ಫಲಿತಾಂಶದಿಂದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ಅರ್ಜಿ ಹಾಕಬಹುದು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ದಾರಿ ಮಾಡಿಕೊಟ್ಟಿತು. ಎರಡನೇ, ಮೂರನೇ ಸ್ಥಾನಕ್ಕೆ ಬಂದ ಅಭ್ಯರ್ಥಿಗಳು ಫಲಿತಾಂಶ ಬಂದ 7 ದಿನದೊಳಗೆ, ತಮ್ಮ ಖರ್ಚಿನಲ್ಲಿ, ಶೇಕಡಾ 5ರಷ್ಟು ಯಂತ್ರಗಳ ತಪಾಸಣೆ ಕೇಳಬಹುದು.

ಮುಂಬೈ ವಾಯವ್ಯ ಲೋಕಸಭಾ ಕ್ಷೇತ್ರದಲ್ಲಿ 2024ರಲ್ಲಿ ಅಮೋಲ್ ಕೀರ್ತಿಕರ್ ಬರೀ 48 ಮತಗಳಿಂದ ಸೋತರು. ಅವರು ಕೋರ್ಟಿಗೆ ಹೋದರು. ಆ ವರ್ಷದ ಕೊನೆಗೆ ಹೈಕೋರ್ಟ್ ಅರ್ಜಿಯನ್ನು ವಜಾ ಮಾಡಿತು. ಕೇಳುವ ಕ್ರಮ ಇದೇ.

ತೊಂದರೆ ಬರುವುದು ಬೇರೆ ಕಡೆ. ಪ್ರತಿಯೊಂದು ಪ್ರಶ್ನೆಗೂ ಯಂತ್ರವೇ ಉತ್ತರ ಅಂತಾದಾಗ ಪಕ್ಷ ಕಲಿಯುವುದನ್ನು ನಿಲ್ಲಿಸುತ್ತದೆ. ತನಗೆ ನಿಷ್ಠೆಯಿಂದ ಮತ ಹಾಕಿದವರಿಗೂ ಮುಂದಿನ ಸಲ ಬೂತಿಗೆ ಹೋಗಲು ಮನಸ್ಸು ಬರುವುದಿಲ್ಲ. ದೂರನ್ನು ಕಾಗದದಲ್ಲಿ, ಪುರಾವೆಯ ಜೊತೆ ಕೊಡಿ. ಉಳಿದ ಸಮಯ ಬೀದಿಯಲ್ಲಿರಿ.

ಯಾಕೆ ಸೋತೆವು ಅಂತ ತಿಳಿದುಕೊಳ್ಳುವುದು ಹೇಗೆ?

ಫಾರಂ 20 ಅಂತ ಒಂದಿದೆ. ಯಾವ ಬೂತ್‌ನಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಅನ್ನುವ ಪೂರ್ತಿ ಪಟ್ಟಿ ಅದರಲ್ಲಿರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಹಿಂದಿನ ಚುನಾವಣೆಯ ಫಾರಂ 20 ಪಕ್ಕದಲ್ಲಿಟ್ಟುಕೊಂಡು ಬೂತ್ ಬೂತ್ ಹೋಲಿಸಿ. ಒಂದು ಬೂತ್‌ನಲ್ಲಿ ನಿಮ್ಮ ಮತ 200 ಇಳಿದಿದೆ, ಎದುರಾಳಿಯದು ಏರಿಲ್ಲ ಅಂದರೆ ನಿಮ್ಮವರು ಮನೆಯಲ್ಲೇ ಕೂತಿರುವ ಸಾಧ್ಯತೆ ಜಾಸ್ತಿ. ಎದುರಾಳಿಯದು ಅಷ್ಟೇ ಏರಿದ್ದರೆ ಅವರು ಅತ್ತ ಹೋಗಿರಬಹುದು. ಮನೆಯಲ್ಲಿ ಕೂತವರನ್ನು ಎಬ್ಬಿಸುವುದು ಒಂದು ಕೆಲಸ, ಅತ್ತ ಹೋದವರನ್ನು ಕರೆತರುವುದು ಇನ್ನೊಂದು ಕೆಲಸ. ಒಂದೇ ಭಾಷಣದಲ್ಲಿ ಎರಡೂ ಆಗುವುದಿಲ್ಲ. ಮುಂಬೈಯಲ್ಲಿ ಇನ್ನೂ ಒಂದು ಸಾಧ್ಯತೆಯಿದೆ: ಕಟ್ಟಡ ಮರುನಿರ್ಮಾಣಕ್ಕೆ ಹೋಗಿ, ಆ 200 ಜನ ಈಗ ಆ ವಾರ್ಡಿನಲ್ಲೇ ಇಲ್ಲದಿರಬಹುದು.

ಅಂಕಿಗಳು ಎಲ್ಲಿ ಅಂತ ಹೇಳುತ್ತವೆ. ಯಾಕೆ ಅಂತ ಜನರೇ ಹೇಳಬೇಕು. ನಾಸಿಕ್ ಭಾಗದ ಈರುಳ್ಳಿಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿತು. ಬೆಲೆ ಬಿತ್ತು, ರೈತರು ಸಿಟ್ಟಾದರು. 2024ರ ಮೇ ಮೊದಲ ವಾರದಲ್ಲಿ ನಿಷೇಧ ತೆಗೆದರೂ ಹೊತ್ತು ಮೀರಿತ್ತು. ದಿಂಡೋರಿಯಲ್ಲಿ ಕೇಂದ್ರ ಸಚಿವೆಯಾಗಿದ್ದ ಭಾರತಿ ಪವಾರ್ ಸೋತರು. ಸೆಪ್ಟೆಂಬರ್‌ನಲ್ಲಿ, ವಿಧಾನಸಭೆ ಚುನಾವಣೆಗೆ ಮುಂಚೆ, ರಫ್ತಿನ ಕನಿಷ್ಠ ಬೆಲೆಯ ಷರತ್ತನ್ನೂ ಸರ್ಕಾರ ತೆಗೆದುಹಾಕಿತು. ಇಂಥದ್ದು ಚುನಾವಣೆ ಲೆಕ್ಕಾಚಾರ ಅಂತ ಹೇಳುವವರಿದ್ದಾರೆ, ಇರಲಿ. ರೈತನ ದೃಷ್ಟಿಯಿಂದ ನೋಡಿದರೆ ತನ್ನ ಮತಕ್ಕೆ ಒಂದು ಉತ್ತರ ಸಿಕ್ಕಿತು.

ಆತ್ಮಾವಲೋಕನ ಸಮಿತಿ ಮಾಡುತ್ತಾರಲ್ಲ, ಅದರಿಂದ ಪ್ರಯೋಜನ ಇದೆಯೇ?

ವರದಿ ಹೊರಗೆ ಬಂದರೆ ಇದೆ. 2014ರ ಸೋಲಿನ ನಂತರ ಕಾಂಗ್ರೆಸ್ ಎ.ಕೆ. ಆಂಟನಿ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ವರದಿಯನ್ನು ಜನರ ಮುಂದೆ ಇಡಲಿಲ್ಲ. ಪಕ್ಷದೊಳಗೆ ಯಾರಿಗೂ ನೋವಾಗಬಾರದು ಅನ್ನುವ ಕಾಳಜಿ ಅರ್ಥವಾಗುತ್ತದೆ. ಆದರೆ ಮತದಾರನಿಗೂ ನೋವಾಗಿತ್ತು, ಅಲ್ವಾ? ಎಲ್ಲವನ್ನೂ ಪ್ರಕಟಿಸಬೇಕಿಲ್ಲ. ಎರಡು ಪುಟ ಸಾಕು: ನಾವು ಇಂಥ ಮೂರು ಕಾರಣಕ್ಕೆ ಸೋತೆವು, ಇವನ್ನು ಇಂಥವರು ಇಷ್ಟರೊಳಗೆ ಸರಿಮಾಡುತ್ತಾರೆ.

ಜನರ ಕ್ಷಮೆ ಕೇಳಬೇಕೇ? ಕೇಳಿದರೆ ದುರ್ಬಲರು ಅಂದುಕೊಳ್ಳುವುದಿಲ್ಲವೇ?

ಕೇಳಬೇಕಾದ ವಿಷಯ ಇದ್ದರೆ ಕೇಳಬೇಕು. 1977ರಲ್ಲಿ ತುರ್ತು ಪರಿಸ್ಥಿತಿಯ ನಂತರ ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲೇ ಸೋತರು. ಕಾಂಗ್ರೆಸ್ 154 ಸ್ಥಾನಕ್ಕೆ ಇಳಿಯಿತು. ಆ ವರ್ಷದ ಆಗಸ್ಟ್‌ನಲ್ಲಿ ದಲಿತರ ಹತ್ಯೆ ನಡೆದಿದ್ದ ಬಿಹಾರದ ಬೆಲ್ಚಿಗೆ, ಕೆಸರಿನಲ್ಲಿ ಜೀಪು ಹೋಗದಿದ್ದಾಗ ಆನೆಯ ಮೇಲೆ ಕೂತು ಹೋದರು. 1978ರ ಜನವರಿಯಲ್ಲಿ ಇದೇ ಮಹಾರಾಷ್ಟ್ರದ ಯವತಮಾಳದ ಸಭೆಯಲ್ಲಿ ತುರ್ತು ಪರಿಸ್ಥಿತಿಯ ಅತಿರೇಕಗಳ ಬಗ್ಗೆ ಕ್ಷಮೆ ಕೇಳಿದರು. ಅದೇ ವರ್ಷ ನವೆಂಬರ್‌ನಲ್ಲಿ ನಮ್ಮ ಚಿಕ್ಕಮಗಳೂರು ಅವರನ್ನು ಲೋಕಸಭೆಗೆ ಕಳಿಸಿತು. 1980ರಲ್ಲಿ 353 ಸ್ಥಾನ.

ಇದನ್ನು ಹೇಳುವಾಗ ಇನ್ನೊಂದು ಮಾತನ್ನೂ ಹೇಳಬೇಕು. 1980ರ ಗೆಲುವಿಗೆ ಜನತಾ ಪಕ್ಷದ ಒಳಜಗಳವೂ ದೊಡ್ಡ ಕಾರಣ. ಮೊರಾರ್ಜಿ ದೇಸಾಯಿ ಸರ್ಕಾರ 1979ರ ಜುಲೈನಲ್ಲಿ ಬಿತ್ತು. ಬರೀ ಕ್ಷಮೆಯಿಂದ ಯಾರೂ ಗೆಲ್ಲುವುದಿಲ್ಲ. ಆದರೆ ಎದುರಾಳಿ ಎಡವಿದಾಗ ಜನ ನಿಮ್ಮ ಕಡೆ ತಿರುಗಿ ನೋಡಬೇಕಾದರೆ, ಅದಕ್ಕೆ ಮುಂಚೆ ನೀವು ಅವರ ಮುಂದೆ ಬಂದು ನಿಂತಿರಬೇಕು.

"ನಮ್ಮಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ" ಅನ್ನುವುದು ಸುಮ್ನೆ. ತಪ್ಪು ಏನು ಅಂತ ಹೆಸರಿಟ್ಟು ಹೇಳಿ: ಇಂಥ ರಸ್ತೆ, ಇಂಥ ಗುತ್ತಿಗೆ, ಇಂಥ ಟಿಕೆಟ್.

ಸೋತ ಅಭ್ಯರ್ಥಿಯನ್ನು ಮುಂದುವರಿಸಬೇಕೇ, ಹೊಸ ಮುಖ ತರಬೇಕೇ?

ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಪ್ರಶ್ನೆ ಇದು. ನನ್ನ ಉತ್ತರ ಸ್ಪಷ್ಟ: ಸೋತವರು ಸೋತ ಊರಲ್ಲೇ ಉಳಿಯಬೇಕು. ಟಿಕೆಟ್ ಸಿಗುತ್ತದೋ ಇಲ್ಲವೋ ಆಮೇಲಿನ ಮಾತು.

ಪುಣೆಯ ಕಸಬಾ ಪೇಟೆಯನ್ನು ನೋಡಿ. 1995ರಿಂದ ಅದು ಬಿಜೆಪಿಯ ಭದ್ರಕೋಟೆ, ಗಿರೀಶ್ ಬಾಪಟ್ ಅವರ ಕ್ಷೇತ್ರ. ಶಾಸಕಿ ಮುಕ್ತಾ ತಿಲಕ್ ತೀರಿಕೊಂಡ ಮೇಲೆ 2023ರ ಫೆಬ್ರವರಿಯಲ್ಲಿ ಉಪಚುನಾವಣೆ ಬಂತು. ಬಿಜೆಪಿ ಹೇಮಂತ್ ರಾಸನೆ ಅವರಿಗೆ ಟಿಕೆಟ್ ಕೊಟ್ಟಿತು. ತಿಲಕ್ ಮನೆತನಕ್ಕೆ ಕೊಡಲಿಲ್ಲ ಅನ್ನುವ ಅಸಮಾಧಾನ ಪೇಟೆಗಳಲ್ಲಿ ಬಹಿರಂಗವಾಗಿಯೇ ಇತ್ತು. ಕಾಂಗ್ರೆಸ್‌ನ ರವೀಂದ್ರ ಧಂಗೇಕರ್ ಸುಮಾರು 11 ಸಾವಿರ ಮತಗಳಿಂದ ಗೆದ್ದರು. 28 ವರ್ಷದ ಕೋಟೆ ಬಿತ್ತು.

ಧಂಗೇಕರ್ ಅವರು ರಾತ್ರೋರಾತ್ರಿ ಬಂದವರಲ್ಲ. ವರ್ಷಗಟ್ಟಲೆ ನಗರಸೇವಕರಾಗಿ, ಅಂದರೆ ಪಾಲಿಕೆ ಸದಸ್ಯರಾಗಿ ಇದ್ದವರು. 2009ರಲ್ಲಿ, 2014ರಲ್ಲಿ ರಾಜ್ ಠಾಕ್ರೆಯವರ ಮಹಾರಾಷ್ಟ್ರ ನವನಿರ್ಮಾಣ ಸೇನೆಯಿಂದ (ಮನಸೆ) ಇದೇ ಕಸಬಾದಲ್ಲಿ ನಿಂತು ಸೋತವರು. ಎರಡು ಸಲ ಸೋತರೂ ಪೇಟೆ ಬಿಡಲಿಲ್ಲ, ಮೂರನೇ ಸಲ ಪೇಟೆ ಅವರನ್ನು ಗೆಲ್ಲಿಸಿತು.

ಇನ್ನು ರಾಸನೆ. ಸೋತ ಅವರನ್ನೇ ಬಿಜೆಪಿ 2024ರ ನವೆಂಬರ್‌ನಲ್ಲಿ ಅಲ್ಲೇ, ಅದೇ ಧಂಗೇಕರ್ ಎದುರು ನಿಲ್ಲಿಸಿತು. ಅವರು ಸುಮಾರು 19 ಸಾವಿರ ಮತಗಳಿಂದ ಗೆದ್ದರು. ರಾಜ್ಯದ ಗಾಳಿ ಆಗ ಮಹಾಯುತಿಯ ಕಡೆಗಿತ್ತು ನಿಜ. ಆದರೂ ಎರಡು ವರ್ಷದೊಳಗೆ ಪೇಟೆಯವರು ಮನಸ್ಸು ಬದಲಿಸಿದ್ದು ಪರಿಚಯದ ಮುಖಕ್ಕೇ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. 2025ರ ಮಾರ್ಚ್‌ನಲ್ಲಿ ಧಂಗೇಕರ್ ಕಾಂಗ್ರೆಸ್ ಬಿಟ್ಟು ಶಿಂದೆಯವರ ಶಿವಸೇನೆ ಸೇರಿದರು. ಕಸಬಾದಲ್ಲಿ ಕಾಂಗ್ರೆಸ್ ಗಳಿಸಿದ್ದ ನಂಬಿಕೆ ಬಹುಪಾಲು ಒಬ್ಬ ಮನುಷ್ಯನ ಮೇಲೆ ನಿಂತಿತ್ತು. ಆ ಮನುಷ್ಯ ಹೊರಟಾಗ ನಂಬಿಕೆಯೂ ಅವರ ಜೊತೆ ಹೊರಟಿತು. ಹಾಗಾಗಿ ಅಭ್ಯರ್ಥಿ ಉಳಿಯುವುದು ಎಷ್ಟು ಮುಖ್ಯವೋ, ಅವರ ಪಕ್ಕದಲ್ಲಿ ಇನ್ನೂ ನಾಲ್ಕು ಜನ ಅದೇ ವಾರ್ಡಿನಲ್ಲಿ ಹೆಸರು ಮಾಡುವುದು ಅಷ್ಟೇ ಮುಖ್ಯ. ಪಕ್ಷಗಳು ಇದನ್ನು ಮಾಡುವುದಿಲ್ಲ, ಯಾಕೆಂದರೆ ಶಾಸಕರಿಗೆ ತಮ್ಮ ಪಕ್ಕದಲ್ಲಿ ಇನ್ನೊಬ್ಬ ಬೆಳೆಯುವುದು ಇಷ್ಟವಾಗುವುದಿಲ್ಲ. ಇದನ್ನು ಸರಿಮಾಡುವುದು ರಾಜ್ಯ ನಾಯಕರ ಕೆಲಸ.

ಗೋವಾದ ಉದಾಹರಣೆ ಬೇಕೇ? ನೌಕಾಪಡೆಯಲ್ಲಿದ್ದ ಕ್ಯಾಪ್ಟನ್ ವಿರಿಯಾತೊ ಫರ್ನಾಂಡಿಸ್ 2022ರಲ್ಲಿ ಕಾಂಗ್ರೆಸ್‌ನಿಂದ ದಾಬೋಳಿಯಲ್ಲಿ ಸೋತರು. ನಮ್ಮ ಬೈನಾ, ಝುವಾರಿನಗರ ಇರುವ ಮುರ್ಗಾಂವ್ ತಾಲೂಕಿನಲ್ಲೇ ದಾಬೋಳಿಯೂ ಇದೆ. 2024ರಲ್ಲಿ ಅವರೇ ದಕ್ಷಿಣ ಗೋವಾದಿಂದ ಲೋಕಸಭೆಗೆ ಗೆದ್ದರು.

ಗೋವಾದಲ್ಲಿ ಯಾರಿಗೆ ಮತ ಹಾಕಿದರೂ ಪಕ್ಷ ಬದಲಾಯಿಸುತ್ತಾರೆ. ಇಲ್ಲಿ ನಂಬಿಕೆ ಮರಳಿ ಬರಲು ಸಾಧ್ಯವೇ?

ಈ ಸಿಟ್ಟಿಗೆ ಪೂರ್ತಿ ಕಾರಣವಿದೆ. 2017ರಲ್ಲಿ 40 ಸ್ಥಾನಗಳ ಗೋವಾದಲ್ಲಿ ಕಾಂಗ್ರೆಸ್ 17, ಬಿಜೆಪಿ 13 ಗೆದ್ದವು. ಸರ್ಕಾರ ಮಾಡಿದ್ದು ಬಿಜೆಪಿ. 2019ರ ಜುಲೈನಲ್ಲಿ ಕಾಂಗ್ರೆಸ್‌ನ 10 ಶಾಸಕರು ಒಟ್ಟಿಗೆ ಬಿಜೆಪಿಗೆ ಹೋದರು. 2022ರ ಚುನಾವಣೆಗೆ ಮುಂಚೆ ಕಾಂಗ್ರೆಸ್ ತನ್ನ ಅಭ್ಯರ್ಥಿಗಳನ್ನು ದೇವಸ್ಥಾನ, ಚರ್ಚು, ದರ್ಗಾಕ್ಕೆ ಕರೆದೊಯ್ದು ಪಕ್ಷ ಬಿಡುವುದಿಲ್ಲ ಅಂತ ಪ್ರಮಾಣ ಮಾಡಿಸಿತು. 11 ಜನ ಗೆದ್ದರು. ಅದೇ ವರ್ಷ ಸೆಪ್ಟೆಂಬರ್ 14ರಂದು ಅವರಲ್ಲಿ 8 ಜನ ಬಿಜೆಪಿ ಸೇರಿದರು.

ಕಾನೂನು ಅವರನ್ನು ತಡೆಯಲಿಲ್ಲ. ಪಕ್ಷಾಂತರ ನಿಷೇಧ ಕಾನೂನು 1985ರಲ್ಲಿ ಬಂತು, 2003ರಲ್ಲಿ ಬಿಗಿಯಾಯಿತು. ಆದರೂ ಮೂರರಲ್ಲಿ ಎರಡು ಪಾಲು ಶಾಸಕರು ಒಟ್ಟಿಗೆ ಹೋಗಿ ವಿಲೀನ ಅಂದರೆ ಅನರ್ಹತೆಯಿಂದ ಪಾರಾಗಬಹುದು. ಪುಟ್ಟ ವಿಧಾನಸಭೆಯಲ್ಲಿ ಅಷ್ಟು ಜನ ಕೂಡುವುದು ಕಷ್ಟವೇನಲ್ಲ.

ದೇವರ ಮುಂದೆ ಮಾಡಿದ ಆಣೆಯೇ ಉಳಿಯದಿದ್ದಾಗ ಇನ್ನೊಂದು ಆಣೆಗೆ ಬೆಲೆ ಇರುವುದಿಲ್ಲ. ಆಮ್ ಆದ್ಮಿ ಪಕ್ಷ 2022ರಲ್ಲಿ ಅಭ್ಯರ್ಥಿಗಳಿಂದ ಅಫಿಡವಿಟ್ ಬರೆಸಿಕೊಂಡಿತು. ಅದು ಆಣೆಗಿಂತ ಒಂದು ಹೆಜ್ಜೆ ಮುಂದೆ ಅನ್ನಬಹುದು. ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಬೇರೆ: ಬಿಟ್ಟು ಹೋದವರನ್ನು ಪಕ್ಷ ಮತ್ತೆ ಸೇರಿಸಿಕೊಳ್ಳುತ್ತದೆಯೇ? ಬೇರೆ ಪಕ್ಷ ಬಿಟ್ಟು ಬಂದವರಿಗೆ ಕೆಂಪು ಹಾಸು ಹಾಸುತ್ತದೆಯೇ? ಇವೆರಡಕ್ಕೂ ಇಲ್ಲ ಅಂತ ಹೇಳಿ, ಒಂದು ಚುನಾವಣೆ ಸೋತರೂ ಸರಿ ಅಂತ ಆ ಮಾತಿಗೆ ನಿಂತ ಪಕ್ಷವನ್ನು ಗೋವಾದ ಜನ ನಂಬುತ್ತಾರೆ.

ಜನ ಲೆಕ್ಕ ಇಡುವುದಿಲ್ಲ ಅಂತ ತಿಳಿಯಬೇಡಿ. 2019ರಲ್ಲಿ ಕಾಂಗ್ರೆಸ್ ಬಿಟ್ಟು ಹೋಗಿ ಉಪಮುಖ್ಯಮಂತ್ರಿಯಾದ ಚಂದ್ರಕಾಂತ ಕವಳೇಕರ್ 2022ರಲ್ಲಿ ಕೇಪೆಯಲ್ಲಿ ಸೋತರು. ಅವರನ್ನು ಸೋಲಿಸಿದ ಎಲ್ಟನ್ ಡಿಕೋಸ್ತಾ, 8 ಜನ ಹೋದಾಗ ಕಾಂಗ್ರೆಸ್‌ನಲ್ಲೇ ಉಳಿದ ಮೂವರಲ್ಲಿ ಒಬ್ಬರು.

ಹೆಣ್ಣುಮಕ್ಕಳ ಖಾತೆಗೆ ಹಣ ಹಾಕುವ ಯೋಜನೆ ಘೋಷಿಸಿದರೆ ಸಾಕಲ್ವಾ?

ಘೋಷಿಸಿದರೆ ಸಾಲದು. 2024ರ ನವೆಂಬರ್‌ನಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಮಹಾಯುತಿ ಸರ್ಕಾರ ಲಾಡ್ಕಿ ಬಹೀಣ್ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿ ಕೊಡುತ್ತಿತ್ತು, ಗೆದ್ದರೆ 2,100 ಅಂದಿತು. ಆಘಾಡಿ 3,000 ಕೊಡುತ್ತೇವೆ ಅಂತು. ಎರಡು ಪಟ್ಟು! ಆದರೂ ಆಘಾಡಿ ಸೋತಿತು. ಕೈಗೆ ಬಂದ 1,500 ರೂಪಾಯಿಯ ಮುಂದೆ ಭಾಷಣದ 3,000ಕ್ಕೆ ಬೆಲೆ ಬರಲಿಲ್ಲ. ಗೋವಾದಲ್ಲಿ ತೃಣಮೂಲ ಕಾಂಗ್ರೆಸ್ 2022ರಲ್ಲಿ ಪ್ರತಿ ಮನೆಯ ಹೆಣ್ಣುಮಗಳಿಗೆ 5,000 ಅಂತ ಊರೆಲ್ಲ ಹೇಳಿತು. ಒಂದು ಸ್ಥಾನವೂ ಬರಲಿಲ್ಲ. ಹೊಸದಾಗಿ ಬಂದವರು, ನಾಳೆ ಇರುತ್ತಾರೋ ಇಲ್ಲವೋ ಅನ್ನುವ ಅನುಮಾನ ಜನರಿಗಿತ್ತು.

ಹಾಗಾದರೆ ಅಧಿಕಾರದಲ್ಲಿ ಇಲ್ಲದ ಪಕ್ಷದ ಭರವಸೆಯನ್ನು ಯಾರೂ ನಂಬುವುದಿಲ್ಲವೇ? ನಂಬುತ್ತಾರೆ. ಕರ್ನಾಟಕದಲ್ಲಿ 2023ರಲ್ಲಿ ನಂಬಿದರು. ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಸಹಿ ಇದ್ದ ಗ್ಯಾರಂಟಿ ಕಾರ್ಡುಗಳನ್ನು ಕಾಂಗ್ರೆಸ್ ಮನೆ ಮನೆಗೆ ಹಂಚಿತು. 224ರಲ್ಲಿ 135 ಸ್ಥಾನ ಬಂತು. ಹಿಂದೆ ಅನ್ನಭಾಗ್ಯದ ಅಕ್ಕಿಯನ್ನು ಜನ ಉಂಡಿದ್ದರು. ಮಾತು ಕೊಟ್ಟವರು ಮೊದಲು ಮಾತು ಉಳಿಸಿಕೊಂಡ ನೆನಪಿದ್ದರೆ ಕಾರ್ಡಿಗೆ ಬೆಲೆ ಬರುತ್ತದೆ. ಆ ನೆನಪೇ ಇಲ್ಲದ ಪಕ್ಷ ಸಣ್ಣ ಭರವಸೆಯಿಂದ ಶುರುಮಾಡಲಿ. ಆಡಳಿತ ಕೈಯಲ್ಲಿ ಇಲ್ಲದಿದ್ದರೂ ಮಾಡಬಹುದಾದ ಕೆಲಸಗಳು ಬೇಕಾದಷ್ಟಿವೆ.

ನಾಯಕನನ್ನು ಬದಲಾಯಿಸಿದರೆ ಸರಿಹೋಗುತ್ತದೆಯೇ?

ಕೆಲವೊಮ್ಮೆ. ಅದಕ್ಕಿಂತ ಮುಖ್ಯವಾದದ್ದು ನಾಯಕ ಹೊಣೆ ಹೊರುತ್ತಾನೆಯೇ ಅನ್ನುವುದು. 1984ರ ಡಿಸೆಂಬರ್‌ನಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ ಕಾಂಗ್ರೆಸ್ 24 ಗೆದ್ದಿತು. ರಾಜ್ಯದಲ್ಲಿ ಅಧಿಕಾರದಲ್ಲಿದ್ದ ಜನತಾ ಪಕ್ಷಕ್ಕೆ ಸಿಕ್ಕಿದ್ದು ಬರೀ 4. ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. ಅದು ಲೋಕಸಭೆ ಚುನಾವಣೆ, ನಮಗೂ ಅದಕ್ಕೂ ಸಂಬಂಧವಿಲ್ಲ ಅಂತ ಅವರು ಕೂತಿರಬಹುದಿತ್ತು. 1985ರ ಮಾರ್ಚ್‌ನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಮೂರು ತಿಂಗಳಲ್ಲಿ! ಮುಂಬೈಯ ನಮ್ಮ ಹಿರಿಯರು ಈಗಲೂ ಇದನ್ನು ಅಭಿಮಾನದಿಂದ ಹೇಳುತ್ತಾರೆ.

ಮುಂಬೈ, ಗೋವಾದಲ್ಲಿರುವ ಕನ್ನಡಿಗರ ನಂಬಿಕೆ ಗಳಿಸಲು ಪಕ್ಷಗಳು ಏನು ಮಾಡಬೇಕು?

ರಾಜ್ಯೋತ್ಸವದ ವೇದಿಕೆಗೆ ಬಂದು ಶಾಲು ಹೊದಿಸಿಕೊಂಡು ಹೋಗುವುದು ಸಾಕಾಗಿದೆ. ನಮ್ಮ ಜನರ ಕಷ್ಟಗಳು ಬಹಳ ಸಾಮಾನ್ಯ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲೊಂದು. ಮಕ್ಕಳು ಕಡಿಮೆಯಾಗುತ್ತಿರುವ ಆ ಶಾಲೆಗಳಿಗೆ ಚುನಾವಣೆ ಇಲ್ಲದ ವರ್ಷದಲ್ಲಿ ಯಾವ ನಾಯಕ ಬಂದು ನೋಡಿದ್ದಾರೆ? ಹೋಟೆಲಿನಲ್ಲಿ ದುಡಿಯುವ ಹುಡುಗರ ಮತ ಎಷ್ಟೋ ಸಲ ಕುಂದಾಪುರದಲ್ಲೋ ಕಾರ್ಕಳದಲ್ಲೋ ಇರುತ್ತದೆ. ಇಲ್ಲಿಗೆ ವರ್ಗಾಯಿಸಿಕೊಳ್ಳಬೇಕಾದರೆ ಫಾರಂ 8 ತುಂಬಬೇಕು, ವಿಳಾಸದ ಪುರಾವೆ ಬೇಕು. ಮತದಾನದ ದಿನ ಸಂಬಳ ಸಹಿತ ರಜೆ ಅವರ ಹಕ್ಕು ಅಂತ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಇದನ್ನೆಲ್ಲ ಮಾಡಿಸಿಕೊಡಲು ಒಬ್ಬ ಕಾರ್ಯಕರ್ತ, ಒಂದು ಮೇಜು, ಭಾನುವಾರದ ಎರಡು ಗಂಟೆ ಸಾಕು.

ಗೋವಾದ ವಿಷಯ ಇನ್ನೂ ಸೂಕ್ಷ್ಮ. ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳ ಕಡೆಯಿಂದ ಬಂದು ತಲೆಮಾರುಗಳಿಂದ ದುಡಿದವರನ್ನು ಈಗಲೂ ಹೊರಗಿನವರು ಅನ್ನುತ್ತಾರೆ. ಬೈನಾದ ಕಡಲ ದಂಡೆಯಲ್ಲಿ ಮನೆಗಳನ್ನು ಕೆಡವಿದ ನೆನಪು ಹಸಿಯಾಗಿದೆ. ಮಹದಾಯಿ ನೀರಿನ ಜಗಳ ಎದ್ದಾಗಲೆಲ್ಲ ಇವರು ಎರಡೂ ಕಡೆಯವರ ಸಂಶಯಕ್ಕೆ ಗುರಿಯಾಗುತ್ತಾರೆ. ಮತ ಬೇಕಾದಾಗ ನಮ್ಮವರು, ಮನೆ ಕೆಡವುವಾಗ ಪರಕೀಯರು ಅನ್ನುವ ನಡತೆ ಯಾವ ಪಕ್ಷದ್ದೇ ಆಗಿರಲಿ, ಅದನ್ನು ಅವರು ಮರೆಯುವುದಿಲ್ಲ.

ಹಳೆಯ ಗಾಯ ಮಾಯುವುದೇ ಇಲ್ಲ ಅಂತಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಸಿಟ್ಟು ದಕ್ಷಿಣದವರ ಮೇಲಿತ್ತು. ಉಡುಪಿ ಹೋಟೆಲುಗಳು ಆ ಬಿಸಿ ಉಂಡಿವೆ. ಗಡಿ ವಿಷಯ ಎದ್ದಾಗ ಈಗಲೂ ಮನಸ್ಸು ಮುದುಡುತ್ತದೆ. ಆದರೂ ಮುಂದೆ ಎಷ್ಟೋ ಕನ್ನಡಿಗರು, ತುಳುವರು ಅದೇ ಪಕ್ಷಕ್ಕೆ ಮತ ಹಾಕಿದ್ದಾರೆ. ರಾತ್ರಿ ಆಂಬುಲೆನ್ಸ್ ಬೇಕಾದಾಗ, ನಲ್ಲಿಯಲ್ಲಿ ನೀರು ಬಾರದಿದ್ದಾಗ, ಮಗುವಿಗೆ ಶಾಲೆಯಲ್ಲಿ ಸೀಟು ಬೇಕಾದಾಗ ಹತ್ತಿರದಲ್ಲಿ ಬಾಗಿಲು ತೆರೆದಿದ್ದದ್ದು ಶಾಖೆಯದು.

ಇನ್ನು ಜಾರ್ಜ್ ಫರ್ನಾಂಡಿಸ್. ಮಂಗಳೂರಿನಿಂದ ಬರಿಗೈಯಲ್ಲಿ ಬಂದ ಹುಡುಗ ಪಾಲಿಕೆ ನೌಕರರ, ಟ್ಯಾಕ್ಸಿಯವರ, ಹೋಟೆಲ್ ಕೆಲಸಗಾರರ ಜೊತೆ ಹದಿನೈದು ವರ್ಷಕ್ಕೂ ಜಾಸ್ತಿ ದುಡಿದ ಮೇಲೆ, 1967ರಲ್ಲಿ ದಕ್ಷಿಣ ಮುಂಬೈಯಲ್ಲಿ ಎಸ್.ಕೆ. ಪಾಟೀಲರಂಥ ನಾಯಕರನ್ನು ಸೋಲಿಸಿದರು. 1971ರಲ್ಲಿ ಅದೇ ಕ್ಷೇತ್ರದಲ್ಲಿ ಸೋತರು. ಒಮ್ಮೆ ಗಳಿಸಿದ ನಂಬಿಕೆ ಮುಂದಿನ ಚುನಾವಣೆಗೂ ತಾನಾಗಿ ಬರುತ್ತದೆ ಅನ್ನುವ ಖಾತ್ರಿ ಅವರಿಗೂ ಇರಲಿಲ್ಲ.

ನಗರಸೇವಕರೇ ಇಲ್ಲದ ಕಾಲದಲ್ಲಿ ಸೋತ ಪಕ್ಷ ಏನು ಮಾಡಬಹುದಿತ್ತು?

ಮುಂಬೈ, ಪುಣೆ ಪಾಲಿಕೆಗಳ ಅವಧಿ 2022ರ ಮಾರ್ಚ್‌ನಲ್ಲಿ ಮುಗಿಯಿತು. ಮತ್ತೆ ಮತದಾನ ನಡೆದದ್ದು 2026ರ ಜನವರಿಯಲ್ಲಿ. ನಡುವಿನ ವರ್ಷಗಳಲ್ಲಿ ಆಡಳಿತಾಧಿಕಾರಿಗಳದ್ದೇ ಆಡಳಿತ. ಗಟಾರ ತುಂಬಿದರೆ ಯಾರಿಗೆ ಹೇಳಬೇಕು ಅಂತ ಜನರಿಗೆ ತಿಳಿಯಲಿಲ್ಲ. ಸೋತ ಪಕ್ಷಗಳಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ವಾರ್ಡ್ ಕಚೇರಿಗೆ ದೂರು ಒಯ್ಯುವುದು, ದೂರಿನ ನಂಬರ್ ಮನೆಯವರಿಗೆ ಕೊಡುವುದು, ಕೆಲಸ ಆಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳುವುದು. ಹೀಗೆ ಮಾಡಿದ ಮಾಜಿ ನಗರಸೇವಕರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಅವರ ಹೆಸರು ಗಲ್ಲಿಯ ಮಕ್ಕಳಿಗೂ ಗೊತ್ತು.

ಸೋಷಿಯಲ್ ಮೀಡಿಯಾ?

ಬಳಸಿ. ಮಾಡಿದ ಕೆಲಸ ತಿಳಿಸಲು ಬಳಸಿ. ಕೆಲಸಕ್ಕೆ ಬದಲಾಗಿ ಬಳಸಬೇಡಿ. ಸೋತ ವಾರದಲ್ಲಿ ಮತದಾರರನ್ನೇ ಬೈಯುವ ಪೋಸ್ಟುಗಳನ್ನು ಪಕ್ಷದ ಹಿರಿಯರು ಕೂಡಲೇ ನಿಲ್ಲಿಸಬೇಕು. 500 ರೂಪಾಯಿಗೆ ಮತ ಮಾರಿಕೊಂಡರು ಅನ್ನುವ ಒಂದು ಮಾತು ಸಾಕು, ಆ ಬಸ್ತಿ ಹತ್ತು ವರ್ಷ ನಿಮ್ಮ ಕಡೆ ತಿರುಗುವುದಿಲ್ಲ.

ಬೇರೆ ಪಕ್ಷದ ಜೊತೆ ಮೈತ್ರಿ ಮಾಡಿಕೊಂಡರೆ?

ಸ್ಥಾನ ಬರಬಹುದು. ನಂಬಿಕೆಯನ್ನು ಮಾತ್ರ ಪ್ರತಿಯೊಂದು ಪಕ್ಷವೂ ತಾನೇ ಗಳಿಸಿಕೊಳ್ಳಬೇಕು.

ಇದಕ್ಕೆಲ್ಲ ಎಷ್ಟು ಕಾಲ ಬೇಕು?

ಅಂಚಿನ ಸೋಲಾದರೆ ತಿಂಗಳುಗಳು ಸಾಕು, ಮೇಲೆ ನೋಡಿದೆವು. ಬುಡವೇ ಅಲುಗಾಡಿದ್ದರೆ ವರ್ಷಗಳು. ಬಿಜೆಪಿ ಹುಟ್ಟಿದ್ದು 1980ರಲ್ಲಿ. ಅದೇ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ ದೊಡ್ಡ ಅಧಿವೇಶನ ಮಾಡಿತು. 1984ರಲ್ಲಿ ಲೋಕಸಭೆಯಲ್ಲಿ ಸಿಕ್ಕಿದ್ದು 2 ಸ್ಥಾನ. 1989ರಲ್ಲಿ 85, 1991ರಲ್ಲಿ 120, 1996ರಲ್ಲಿ 161. ಅವರು ಹಿಡಿದ ದಾರಿಯ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು, ಕಾರ್ಯಕರ್ತರು ಮನೆಗೆ ಹೋಗಲಿಲ್ಲ ಅನ್ನುವುದರ ಬಗ್ಗೆ ಯಾರಿಗೂ ಇಲ್ಲ. ಚಿಕ್ಕ ಉದಾಹರಣೆ ಬೇಕಾದರೆ ಗೋವಾದಲ್ಲಿ ಆಮ್ ಆದ್ಮಿ ಪಕ್ಷ. 2017ರಲ್ಲಿ ಸೊನ್ನೆ. 2020ರಲ್ಲಿ ಬಾಣಾವಲಿಯಲ್ಲಿ ಒಂದು ಜಿಲ್ಲಾ ಪಂಚಾಯತ್ ಸ್ಥಾನ. 2022ರಲ್ಲಿ ಬಾಣಾವಲಿ, ವೇಳಿಂ ಎರಡು ವಿಧಾನಸಭಾ ಸ್ಥಾನ.

ಒಬ್ಬ ಮತದಾರನಾಗಿ, ಸೋತ ಪಕ್ಷ ನಿಜವಾಗಿ ಬದಲಾಗಿದೆ ಅಂತ ನಾನು ತಿಳಿಯುವುದು ಹೇಗೆ?

ಟಿಕೆಟ್ ಪಟ್ಟಿಯನ್ನು ನೋಡಿ. ಪ್ರಣಾಳಿಕೆಯಲ್ಲಿ ಏನು ಬೇಕಾದರೂ ಬರೆಯಬಹುದು, ಟಿಕೆಟ್ ಪಟ್ಟಿಯಲ್ಲಿ ಪಕ್ಷದ ಮನಸ್ಸು ಬಯಲಾಗುತ್ತದೆ. ಕ್ರಿಮಿನಲ್ ಪ್ರಕರಣ ಇರುವವರಿಗೆ ಟಿಕೆಟ್ ಕೊಟ್ಟರೆ, ಯಾಕೆ ಕೊಟ್ಟೆವು, ಪ್ರಕರಣ ಇಲ್ಲದವರು ಯಾಕೆ ಸಿಗಲಿಲ್ಲ ಅಂತ ಪಕ್ಷವೇ ಪ್ರಕಟಿಸಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆ ಕಾರಣಗಳನ್ನು ಓದಿ. ಅಭ್ಯರ್ಥಿಯ ಅಫಿಡವಿಟ್ ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಹಿಂದಿನ ಸಲದ್ದನ್ನೂ ಈ ಸಲದ್ದನ್ನೂ ಪಕ್ಕದಲ್ಲಿಟ್ಟು ಆಸ್ತಿ ಎಷ್ಟು ಬೆಳೆದಿದೆ ನೋಡಿ. ಆಮೇಲೆ ನಿಮ್ಮ ಸೊಸೈಟಿಯ ವಾಚ್‌ಮನ್, ಕೆಳಗಿನ ಪಾನ್ ಅಂಗಡಿಯವರು, ಮನೆಗೆಲಸಕ್ಕೆ ಬರುವ ಅಕ್ಕ, ಇವರನ್ನು ಒಂದು ಪ್ರಶ್ನೆ ಕೇಳಿ: ಹೋದ ಸಲ ಸೋತವರು ಆಮೇಲೆ ಇತ್ತ ಬಂದಿದ್ದರಾ? ಅವರಿಗೆ ಸರಿಯಾಗಿ ಗೊತ್ತಿರುತ್ತದೆ.